ಓದಿದ ರೋಗವೆಲ್ಲ ತನಗೇ ಎನ್ನುವ ಮಕ್ಕಳು

ಊರಲ್ಲಿ ಎಂಬಿಬಿಎಸ್‌ಗೆ ಸೇರಿಸಿದ ಮಕ್ಕಳು ಮೊದಲ ವರ್ಷ ಫೋನ್ ಮಾಡಿದರೆ ಹಾಸ್ಟೆಲ್ ಊಟದ ದೂರು. ಎರಡನೇ ವರ್ಷಕ್ಕೆ ಬಂದರೆ ಧಾಟಿಯೇ ಬೇರೆ. "ಅಪ್ಪಾ, ಕುತ್ತಿಗೆಯಲ್ಲಿ ಗಂಟು ಸಿಗ್ತಾ ಇದೆ. ಕ್ಯಾನ್ಸರ್ ಇರಬಹುದಾ ಅಂತ ಭಯ." ಮುಂದಿನ ವಾರ ಗಂಟು ಮರೆತು ಎದೆಬಡಿತ, ಅದರ ಮುಂದಿನ ವಾರ ಕಣ್ಣಿನ ರೆಪ್ಪೆ ಅದುರುವುದು. ಇಲ್ಲಿ ಕುಳಿತ ನಮಗೆ ಆ ರಾತ್ರಿ ನಿದ್ದೆ ಇಲ್ಲ.

ಇದಕ್ಕೆ 'ಮೆಡಿಕಲ್ ವಿದ್ಯಾರ್ಥಿಗಳ ಕಾಯಿಲೆ' ಎಂಬ ಹೆಸರೇ ಇದೆ. ಹೊಸದೂ ಅಲ್ಲ. 1889ರಲ್ಲಿ ಜೆರೋಮ್ ಕೆ. ಜೆರೋಮ್ ಬರೆದ 'ತ್ರೀ ಮೆನ್ ಇನ್ ಎ ಬೋಟ್' ಎಂಬ ನಗೆ ಕಾದಂಬರಿಯಲ್ಲಿ ಒಬ್ಬಾತ ವೈದ್ಯಗ್ರಂಥ ತಿರುವಿಹಾಕಿ, ಮನೆಗೆಲಸದವರಿಗೆ ಬರುವ ಮಂಡಿನೋವೊಂದನ್ನು ಬಿಟ್ಟು ಮಿಕ್ಕೆಲ್ಲ ರೋಗವೂ ತನಗಿದೆ ಎಂದು ನಂಬುತ್ತಾನೆ. ಎಲ್ಲ ವಿದ್ಯಾರ್ಥಿಗಳಿಗೂ ಹೀಗಾಗುವುದಿಲ್ಲ. ಆದವರಲ್ಲೂ ಹೆಚ್ಚಿನವರಿಗೆ ಇದು ಬಂದು ಹೋಗುವ ಅಂಜಿಕೆ.

ಎರಡನೇ ವರ್ಷದಲ್ಲೇ ಯಾಕೆ? ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ಒಟ್ಟಿಗೆ ಬರುವ ವರ್ಷ ಅದು. ರೋಗಗಳ ಹೆಸರು ಗೊತ್ತಾಗಿರುತ್ತದೆ, ಯಾವುದು ಎಷ್ಟು ಅಪರೂಪ ಎಂಬ ಅಂದಾಜು ಇನ್ನೂ ಬಂದಿರುವುದಿಲ್ಲ. ಪುಸ್ತಕದಲ್ಲಿ ನೆಗಡಿಗೆ ಅರ್ಧ ಪುಟ, ಕ್ಯಾನ್ಸರಿಗೆ ಇಡೀ ಅಧ್ಯಾಯ. ಓಪಿಡಿಯಲ್ಲಿ ಲೆಕ್ಕ ತಿರುಗುಮುರುಗು. ರಾತ್ರಿ ನಿದ್ದೆಗೆಟ್ಟು ಕಾಫಿ ಕುಡಿದರೆ ರೆಪ್ಪೆ ಅದುರುತ್ತದೆ, ಎದೆ ಒಂದೆರಡು ಬಡಿತ ಹೆಚ್ಚು ಹೊಡೆದಂತಾಗುತ್ತದೆ. ಆರೋಗ್ಯವಂತರ ಕುತ್ತಿಗೆಯಲ್ಲೂ ಸಣ್ಣ ಗ್ರಂಥಿ ಕೈಗೆ ಸಿಗಬಹುದು. ಅದನ್ನು ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡಿದರೆ ನೋವು ಬರುತ್ತದೆ. ಆ ನೋವೇ ಹೊಸ ಸಾಕ್ಷಿಯಾಗುತ್ತದೆ.

ಔಷಧ ಕೊಡುವ ಕೆಲಸದ ನಮಗೆ ಹೆಚ್ಚು ಚಿಂತೆ ಭಯದ್ದಲ್ಲ, ಭಯಕ್ಕೆ ತಾವೇ ಮಾಡಿಕೊಳ್ಳುವ ಮದ್ದಿನದು. ಎದೆಬಡಿತಕ್ಕೆ ಸೀನಿಯರ್ ಹೇಳಿದ ಪ್ರೊಪ್ರನೊಲಾಲ್, ನಿದ್ದೆಗೆ ಅಲ್ಪ್ರಾಜೋಲಮ್. ಅಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಉಸಿರು ಕಟ್ಟಿಸಬಹುದು. ಅಲ್ಪ್ರಾಜೋಲಮ್ ಚಟವಾಗುವ ಮಾತ್ರೆ. ಭಾರತದಲ್ಲಿ ಅದು ಶೆಡ್ಯೂಲ್ ಎಚ್1ರಲ್ಲಿದೆ, ಚೀಟಿ ಇಲ್ಲದೆ ಕೊಡುವಂತಿಲ್ಲ. ನಾವು ದುಡಿಯುವ ಈ ದೇಶಗಳಲ್ಲೂ ಅದು ನಿಯಂತ್ರಿತ ಔಷಧ. ರಜೆಗೆ ಬರುವ ಮಕ್ಕಳ ಬ್ಯಾಗಿನಲ್ಲಿ ಕಾಗದಪತ್ರವಿಲ್ಲದ ಒಂದು ಸ್ಟ್ರಿಪ್ ಸಿಕ್ಕರೂ ವಿಮಾನ ನಿಲ್ದಾಣದಲ್ಲೇ ತೊಂದರೆ. ಇನ್ನು ಸ್ಕ್ಯಾನಿಂಗ್. ಒಂದು ರಿಪೋರ್ಟಿನ ಸಮಾಧಾನ ಎಷ್ಟೋ ಸಲ ಒಂದು ವಾರವೂ ಉಳಿಯುವುದಿಲ್ಲ, ಆಮೇಲೆ ಇನ್ನೊಂದು ಬೇಕೆನಿಸುತ್ತದೆ.

ಹಾಗಾದರೆ ನಾವು ಏನು ಹೇಳಬೇಕು? ನಗಬಾರದು. "ಇಲ್ಲಿ ಓವರ್‌ಟೈಮ್ ಮಾಡಿ ಲೋನ್ ಕಟ್ತಾ ಇದ್ದೀವಿ, ನಿನಗೆ ಇದೇ ಕೆಲಸ" ಎಂದು ಗದರಲೂಬಾರದು. ಹಾಗೆಂದರೆ ಮುಂದಿನ ಸಲ ಫೋನೇ ಬರುವುದಿಲ್ಲ. "ಒಂದು ಸಲ ಡಾಕ್ಟರಿಗೆ ತೋರಿಸು, ಅವರು ಏನಿಲ್ಲ ಅಂದರೆ ಅಲ್ಲಿಗೆ ಬಿಡು" ಎನ್ನಬಹುದು. ಡಾಕ್ಟರೆಂದರೆ ರೂಮ್‌ಮೇಟ್ ಅಲ್ಲ, ಕಾರಿಡಾರಿನಲ್ಲಿ ಸಿಕ್ಕ ಸೀನಿಯರ್ ಅಲ್ಲ. ಚೀಟಿ ಮಾಡಿಸಿ, ಕೂತು ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೆಡಿಕಲ್ ಮಕ್ಕಳಿಗೂ ನಿಜವಾದ ಕಾಯಿಲೆ ಬರುತ್ತದಲ್ಲ. ಬಿಡದ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಬೆಳೆಯುತ್ತಿರುವ ಗಂಟು, ಕಫದಲ್ಲಿ ರಕ್ತ, ಇವನ್ನು "ಓದಿ ಓದಿ ಹೀಗಾಗಿದೆ" ಎಂದು ತಳ್ಳಿಹಾಕಬಾರದು.

ಡಾಕ್ಟರು ನೋಡಿದ ಮೇಲೂ ಭಯ ತಿಂಗಳುಗಟ್ಟಲೆ ನಿಂತರೆ, ನಿದ್ದೆ ಕೆಟ್ಟರೆ, ಕ್ಲಾಸು ತಪ್ಪತೊಡಗಿದರೆ ಮನೋವೈದ್ಯರನ್ನು ಕಾಣಲಿ. ಮಾತಿನ ಚಿಕಿತ್ಸೆಯಿಂದಲೇ ಎಷ್ಟೋ ಜನರಿಗೆ ಗುಣವಾಗುತ್ತದೆ. ಕಾಲೇಜಿನವರಿಗೆ ಗೊತ್ತಾದೀತೆಂಬ ಸಂಕೋಚವಿದ್ದರೆ, 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ. ಭಾರತದೊಳಗಿಂದ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಊರಲ್ಲಿ ಓದುವ ಮಕ್ಕಳಿಗೆ ಇವತ್ತೇ ಕಳಿಸಿಬಿಡೋಣ. ಬೇಕಾಗದಿದ್ದರೆ ಸಂತೋಷ.