ಸಿಪಿಎಂ: ಪ್ರಧಾನ ಕಾರ್ಯದರ್ಶಿ ಹೊಸಬರು, ಪ್ರಶ್ನೆ ಹಳೆಯದು

ಸಿಪಿಐ(ಎಂ) ಪ್ರಧಾನ ಕಾರ್ಯದರ್ಶಿಯಾಗಿ ಕೇರಳದ ಎಂ.ಎ. ಬೇಬಿ 2025ರ ಏಪ್ರಿಲ್‌ 6ರಂದು ಮದುರೈಯಲ್ಲಿ ಆಯ್ಕೆಯಾದರು. ಸೀತಾರಾಂ ಯೆಚೂರಿ 2024ರ ಸೆಪ್ಟೆಂಬರ್‌ 12ರಂದು ನಿಧನರಾದಾಗಿನಿಂದ ಆ ಹುದ್ದೆ ತೆರವಾಗಿಯೇ ಇತ್ತು. ಪ್ರಧಾನ ಕಾರ್ಯದರ್ಶಿಯೊಬ್ಬರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡದ್ದು 1964ರಲ್ಲಿ ಹುಟ್ಟಿದ ಪಕ್ಷಕ್ಕೆ ಅದೇ ಮೊದಲು. ಮದುರೈಯ 24ನೇ ಮಹಾಧಿವೇಶನದವರೆಗೆ ಪ್ರಕಾಶ್‌ ಕಾರಟ್‌ ಸಂಚಾಲಕರಾಗಿ ಪಕ್ಷವನ್ನು ನಡೆಸಿದರು.

ಬೇರೆ ಪಕ್ಷಗಳಲ್ಲಿ ಅಧ್ಯಕ್ಷರು ಬದಲಾದರೆ ಧೋರಣೆಯೂ ಬದಲಾಗುವುದುಂಟು. ಇಲ್ಲಿ ಕ್ರಮ ತಿರುವುಮುರುವು. ರಾಜಕೀಯ ನಿರ್ಣಯದ ಕರಡು ಮಹಾಧಿವೇಶನಕ್ಕೆ ಎರಡು ತಿಂಗಳು ಮೊದಲೇ ಶಾಖೆಗಳಿಗೆ ತಲುಪುತ್ತದೆ, ತಿದ್ದುಪಡಿಗಳು ಬರುತ್ತವೆ, ಪ್ರತಿನಿಧಿಗಳು ನಿರ್ಣಯ ಅಂಗೀಕರಿಸಿದ ಮೇಲೆ ಕೇಂದ್ರ ಸಮಿತಿಯನ್ನು ಚುನಾಯಿಸುತ್ತಾರೆ. ಆ ಸಮಿತಿ ಪಾಲಿಟ್‌ಬ್ಯೂರೊವನ್ನೂ ಪ್ರಧಾನ ಕಾರ್ಯದರ್ಶಿಯನ್ನೂ ಆರಿಸುತ್ತದೆ. ದಾರಿ ಗೊತ್ತಾದ ನಂತರವೇ ನಾಯಕ ಬರುವುದು. ಮದುರೈಯಲ್ಲಿ ನಾಯಕತ್ವ ಮುಂದಿಟ್ಟ ಪಟ್ಟಿಗೆ ಎದುರಾಗಿ ಮಹಾರಾಷ್ಟ್ರದ ಕಾರ್ಮಿಕ ನಾಯಕ ಡಿ.ಎಲ್‌. ಕರಾಡ್‌ ಕೇಂದ್ರ ಸಮಿತಿಗೆ ಸ್ಪರ್ಧಿಸಿದರು. ಸೋತರೂ ಮತದಾನ ನಡೆಯಿತು. ಒಮ್ಮತಕ್ಕೆ ಒಗ್ಗಿಹೋದ ಸಂಘಟನೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಪ್ರಧಾನ ಕಾರ್ಯದರ್ಶಿಯ ಮಾತೇ ಬಿದ್ದುಹೋದ ನಿದರ್ಶನಗಳಿವೆ. 1996ರಲ್ಲಿ ಜ್ಯೋತಿ ಬಸು ಪ್ರಧಾನಿಯಾಗಲಿ ಎಂದು ಹರ್ಕಿಶನ್‌ ಸಿಂಗ್‌ ಸುರ್ಜೀತ್‌ ಬಯಸಿದ್ದರು. ಕೇಂದ್ರ ಸಮಿತಿ ಒಪ್ಪಲಿಲ್ಲ. 2018ರ ಜನವರಿಯಲ್ಲಿ ಕೋಲ್ಕತ್ತದಲ್ಲಿ, ಕಾಂಗ್ರೆಸ್‌ ಜೊತೆ ಹೊಂದಾಣಿಕೆಗೆ ಅವಕಾಶ ಉಳಿಸಬೇಕೆಂಬ ಯೆಚೂರಿ ನಿಲುವಿಗೆ ಬಂದದ್ದು 31 ಮತ, ವಿರುದ್ಧ 55. ಮೂರೇ ತಿಂಗಳಲ್ಲಿ ಹೈದರಾಬಾದ್‌ ಮಹಾಧಿವೇಶನ ಕೇಂದ್ರ ಸಮಿತಿ ಒಪ್ಪಿದ್ದ ನಿರ್ಣಯದ ಕರಡನ್ನು ತಿದ್ದಿತು. ಕಾಂಗ್ರೆಸ್‌ ಜೊತೆ ಯಾವ ಹೊಂದಾಣಿಕೆಯೂ ಬೇಡ ಎಂದಿದ್ದದ್ದು ರಾಜಕೀಯ ಮೈತ್ರಿ ಬೇಡ ಎಂದಾಯಿತು, ಸ್ಥಳೀಯವಾಗಿ ಕೈಜೋಡಿಸಲು ಬಾಗಿಲು ತೆರೆಯಿತು. ಯೆಚೂರಿ ಹುದ್ದೆಯಲ್ಲೂ ಮುಂದುವರಿದರು.

ಬೇಬಿ ಅವರಿಗೆ ಬಳುವಳಿಯಾಗಿ ಬಂದಿರುವುದು ಇದೇ ಬಗೆಹರಿಯದ ಪ್ರಶ್ನೆ. 2024ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ ಗೆದ್ದ ನಾಲ್ಕು ಕ್ಷೇತ್ರಗಳನ್ನು ನೋಡಿದರೆ ಸಾಕು. ಮದುರೈ ಮತ್ತು ದಿಂಡಿಗಲ್‌ ಡಿಎಂಕೆ ಕೂಟದ ಬಲದಿಂದ ಬಂದವು. ಆ ಕೂಟದಲ್ಲಿ ಕಾಂಗ್ರೆಸ್ಸೂ ಇತ್ತು. ರಾಜಸ್ಥಾನದ ಸೀಕರ್‌ನಲ್ಲಿ ರೈತ ನಾಯಕ ಅಮ್ರಾ ರಾಮ್‌ ಗೆದ್ದದ್ದು ಕಾಂಗ್ರೆಸ್‌ ಬೆಂಬಲದಿಂದ. ನಾಲ್ಕನೆಯದಾದ ಕೇರಳದ ಆಲತ್ತೂರಿನಲ್ಲಿ ಕೆ. ರಾಧಾಕೃಷ್ಣನ್‌ ಸೋಲಿಸಿದ್ದು ಕಾಂಗ್ರೆಸ್ಸನ್ನೇ. ಕಾಂಗ್ರೆಸ್ಸನ್ನು ಎದುರಾಳಿ ಎಂದು ಸಾರಿದರೆ ಮೂರು ಕ್ಷೇತ್ರಗಳ ನೆಲ ಕುಸಿಯುತ್ತದೆ, ಸಂಗಾತಿ ಎಂದು ಒಪ್ಪಿದರೆ ಕೇರಳದ ಕಾರ್ಯಕರ್ತನಿಗೆ ಉತ್ತರ ಹೇಳಬೇಕಾಗುತ್ತದೆ. ಸ್ವಂತ ಬಲ ಬೆಳೆಸಬೇಕೆಂದು ಮದುರೈ ಒತ್ತಿ ಹೇಳಿದ್ದು ಸರಿಯೇ. ಆದರೆ 2004ರಲ್ಲಿ 43 ಸ್ಥಾನ ಗಳಿಸಿದ್ದ ಪಕ್ಷ 2019ರ ಹೊತ್ತಿಗೆ ಮೂರಕ್ಕೆ ಇಳಿದಿತ್ತು. 34 ವರ್ಷ ಆಳಿದ ಎಡರಂಗಕ್ಕೆ ಪಶ್ಚಿಮ ಬಂಗಾಳ ವಿಧಾನಸಭೆಯಲ್ಲಿ 2021ರಲ್ಲಿ ಒಂದು ಸ್ಥಾನವೂ ಸಿಗಲಿಲ್ಲ. ಈ ಕುಸಿತವನ್ನು ಮೈತ್ರಿಯ ಲೆಕ್ಕಾಚಾರವೊಂದರಿಂದಲೇ ವಿವರಿಸಲಾಗದು. ಹೊಲ, ಕಾರ್ಖಾನೆ, ಕಾಲೇಜುಗಳಲ್ಲಿ ಇದ್ದ ನಂಟು ಸಡಿಲವಾದದ್ದೇ ಮೂಲ ಕಾರಣ.

ಕರ್ನಾಟಕದಲ್ಲೂ ಇದರ ನೆರಳಿದೆ. ಬಾಗೇಪಲ್ಲಿಯಿಂದ 1994 ಮತ್ತು 2004ರಲ್ಲಿ ಜಿ.ವಿ. ಶ್ರೀರಾಮರೆಡ್ಡಿ ಗೆದ್ದಿದ್ದರು, ಆಮೇಲೆ ವಿಧಾನಸಭೆಯಲ್ಲಿ ಪಕ್ಷದ ದನಿ ಇಲ್ಲ. ಅಂಗನವಾಡಿ, ಬಿಸಿಯೂಟ ನೌಕರರ ಹೋರಾಟಗಳಲ್ಲಿ ಪಕ್ಷ ಮುಂದೆ ನಿಂತರೂ ಆ ಜನ ಮತಗಟ್ಟೆಯಲ್ಲಿ ಜೊತೆಗೆ ನಿಲ್ಲುತ್ತಿಲ್ಲ.

ಮದುರೈಯ ಹೆಚ್ಚು ದೂರಗಾಮಿ ಬದಲಾವಣೆ ಪಾಲಿಟ್‌ಬ್ಯೂರೊದಲ್ಲಿ ಆಯಿತು. 75ರ ವಯೋಮಿತಿಯಿಂದಾಗಿ ಕಾರಟ್‌, ಬೃಂದಾ ಕಾರಟ್‌, ಮಾಣಿಕ್‌ ಸರ್ಕಾರ್‌, ಸುಭಾಷಿಣಿ ಅಲಿ ಮೊದಲಾದವರು ಹೊರಬಂದರು. 18 ಜನರ ಮಂಡಳಿಗೆ ಎಂಟು ಹೊಸಬರು ಬಂದರು. ಬೆಂಗಳೂರಿನಲ್ಲಿ ರಾಜ್ಯಶಾಸ್ತ್ರ ಕಲಿಸಿ, ಬಳಿಕ ರೈತ ಚಳವಳಿಗೆ ಧುಮುಕಿದ ವಿಜೂ ಕೃಷ್ಣನ್‌ ಅವರಲ್ಲೊಬ್ಬರು. ಅಮ್ರಾ ರಾಮ್‌, ಮರಿಯಂ ಧವಳೆ, ಯು. ವಾಸುಕಿ ಕೂಡ ಬೀದಿ ಹೋರಾಟಗಳಿಂದಲೇ ಬೆಳೆದವರು. ವಯೋಮಿತಿಯಿಂದ ವಿನಾಯಿತಿ ಸಿಕ್ಕಿದ್ದು ಪಿಣರಾಯಿ ವಿಜಯನ್‌ ಅವರಿಗೆ. ಆಗ ಪಕ್ಷದ ಕೈಯಲ್ಲಿದ್ದ ಏಕೈಕ ರಾಜ್ಯದ ಮುಖ್ಯಮಂತ್ರಿಯನ್ನು ಬಿಡುವುದು ಕಷ್ಟವಿತ್ತು, ನಿಜ. ಅವರ ಸಮಕ್ಕೆ ಎರಡನೇ ಸಾಲು ಬೆಳೆದಿಲ್ಲ ಎಂಬುದನ್ನೂ ಆ ವಿನಾಯಿತಿ ತೋರಿಸಿತು. ಪಕ್ಷದ ಒಟ್ಟು ಸದಸ್ಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೇರಳದವರು. ಹಾಗಾಗಿ ಅಲ್ಲಿನ ಮಾತಿಗೆ ತೂಕ ಹೆಚ್ಚು.

ಇಎಂಎಸ್‌ ನಂಬೂದಿರಿಪಾಡ್ ನಂತರ ಕೇರಳ ಘಟಕದಿಂದ ಈ ಹುದ್ದೆಗೆ ಬಂದವರು ಬೇಬಿ. ಎಸ್‌ಎಫ್‌ಐ, ಡಿವೈಎಫ್‌ಐಗಳೆಂಬ ವಿದ್ಯಾರ್ಥಿ, ಯುವ ಸಂಘಟನೆಗಳಲ್ಲಿ ಬೆಳೆದು, 2006ರಿಂದ 2011ರವರೆಗೆ ಕೇರಳದ ಶಿಕ್ಷಣ ಮಂತ್ರಿಯಾಗಿದ್ದವರು. ಸಂಗೀತ, ಕಲೆಯ ವಲಯಗಳಲ್ಲೂ ಬಳಕೆ ಇರುವವರು. ಪಕ್ಷದಾಚೆಗಿನ ಜನರೊಡನೆ ಮಾತಾಡಬಲ್ಲ ಈ ಗುಣ ಇಂದು ಪಕ್ಷಕ್ಕೆ ತುರ್ತಾಗಿ ಬೇಕು. ಅವರಿಗಿರುವ ಕಾಲಾವಕಾಶ ಮಾತ್ರ ಕಡಿಮೆ. ಪಕ್ಷದ ಸಂವಿಧಾನಕ್ಕೆ 2012ರಲ್ಲಿ ತಂದ ತಿದ್ದುಪಡಿ ಪ್ರಧಾನ ಕಾರ್ಯದರ್ಶಿಗೆ ಮೂರು ಅವಧಿ ಕೊಡುತ್ತದೆ. ಆದರೆ ಮಹಾಧಿವೇಶನ ಮೂರು ವರ್ಷಕ್ಕೊಮ್ಮೆ, ಬೇಬಿ ಹುಟ್ಟಿದ್ದು 1954ರ ಏಪ್ರಿಲ್‌ನಲ್ಲಿ. ವಯೋಮಿತಿ ಸಡಿಲಿಸದಿದ್ದರೆ ಎರಡಕ್ಕಿಂತ ಹೆಚ್ಚು ಅವಧಿ ಅವರಿಗೆ ಸಿಗುವುದಿಲ್ಲ.