ರೋಗಿಯ ನುಡಿಯೂ ವೈದ್ಯನ ವಿದ್ಯೆಯೂ

ಸಂಡೂರು ತಾಲೂಕಿನ ನಮ್ಮ ಕುರೆಕುಪ್ಪದಿಂದ ಮೂಡಣಕ್ಕೆ ನಡೆದರೆ ಬಳ್ಳಾರಿ. ಪಡುವಣಕ್ಕೆ ನಡೆದರೆ ಹೊಸಪೇಟೆ, ಹಂಪಿ. ಬಳ್ಳಾರಿಯಲ್ಲಿ 1961ರಲ್ಲಿ ಸ್ಥಾಪಿತವಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿರುವದು. ಹಂಪಿಯಲ್ಲಿ 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವಿರುವದು. ಒಂದರಲ್ಲಿ ವೈದ್ಯವಿದ್ಯೆಯುಂಟು, ಅದರ ಪಾಠವೂ ಪರೀಕ್ಷೆಯೂ ಇಂಗ್ಲಿಷಿನಲ್ಲಿ. ಇನ್ನೊಂದರಲ್ಲಿ ಕನ್ನಡವುಂಟು, ಅಲ್ಲಿ ವೈದ್ಯಶಿಕ್ಷಣವಿಲ್ಲ. ಗಣಿಯ ಕೆಂಧೂಳನ್ನುಸಿರಾಡುವ ಕೂಲಿಕಾರನು ಇವೆರಡರ ನಡುವೆ ಕೆಮ್ಮುತ್ತ ನಿಂತಿರುವನು. ಆತನಿಗೆ ಬೇಕಾದುದು ಎರಡೂ ಕೂಡಿದ ವಸ್ತು. ಅದೇ ಎಲ್ಲಿಯೂ ಇಲ್ಲ. ಈ ಕೊರತೆ ದೈವಕೃತವಲ್ಲ, ನಮ್ಮ ಔದಾಸೀನ್ಯದ ಫಲವೆಂದು ತೋರಿಸುವದೇ ಈ ಲೇಖನದ ಉದ್ದೇಶ.

ಕನ್ನಡದಲ್ಲಿ ವೈದ್ಯಶಿಕ್ಷಣವೆಂದೊಡನೆ ನಮ್ಮ ವಿದ್ಯಾವಂತರ ಮುಖದಲ್ಲಿ ಒಂದು ಮುಗುಳ್ನಗೆ ಮೂಡುವದುಂಟು. ಜಗತ್ತಿನ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿರುವಾಗ ಬೇರೆ ನುಡಿಯಲ್ಲಿ ಕಲಿತ ವೈದ್ಯನು ಕೂಪಮಂಡೂಕನಾಗುವನೆಂಬುದು ಅವರ ಮೊದಲನೆಯ ವಾದ. ಈ ಮಹನೀಯರು ಒಮ್ಮೆ ಕೆನಡಾ ದೇಶದತ್ತ ಕಣ್ಣು ಹಾಯಿಸಬೇಕು. ಅಲ್ಲಿಯ ಕ್ವಿಬೆಕ್ ಪ್ರಾಂತದ ಜನರಲ್ಲಿ ಹೆಚ್ಚಿನವರ ನುಡಿ ಫ್ರೆಂಚು. ಸುತ್ತಲೂ ಇರುವದು ಇಂಗ್ಲಿಷಿನ ಮಹಾಸಾಗರ. ಆದರೂ ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ, ಲಾವಾಲ್ ವಿಶ್ವವಿದ್ಯಾಲಯದಲ್ಲಿ, ಶೆರ್ಬ್ರೂಕ್ ವಿಶ್ವವಿದ್ಯಾಲಯದಲ್ಲಿ ವೈದ್ಯವಿದ್ಯೆಯನ್ನು ಫ್ರೆಂಚಿನಲ್ಲಿಯೇ ಕಲಿಸುವರು. ವಾಚಕರು ಒಂದು ಸಂಗತಿಯನ್ನು ಲಕ್ಷಿಸಬೇಕು. ಶೆರ್ಬ್ರೂಕಿನ ವೈದ್ಯವಿಭಾಗವು ಸ್ಥಾಪಿತವಾದದ್ದೂ 1961ರಲ್ಲಿಯೇ, ನಮ್ಮ ಬಳ್ಳಾರಿಯ ಮಹಾವಿದ್ಯಾಲಯದ ವರ್ಷದಲ್ಲಿಯೇ. ಆ ಸಂಸ್ಥೆಯು 1987ರಲ್ಲಿ ಹಳೆಯ ಉಪನ್ಯಾಸಪದ್ಧತಿಯನ್ನು ಬದಿಗಿಟ್ಟು, ರೋಗಿಯ ಒಂದೊಂದು ಸಮಸ್ಯೆಯನ್ನೇ ಮುಂದಿಟ್ಟುಕೊಂಡು ಕಲಿಯುವ ಕ್ರಮವನ್ನು ಕೈಕೊಂಡು ಹೆಸರಾಯಿತು. ಸ್ವಭಾಷೆಯು ಅದರ ಕಾಲಿಗೆ ತೊಡಕಾಗಲಿಲ್ಲ.

ಸಂಶೋಧನೆಯ ಮಾತೇನೆಂದು ಕೇಳುವಿರಾ? ಒತ್ತಡವು ದೇಹದ ಮೇಲೆ ಮಾಡುವ ಪರಿಣಾಮವನ್ನು ಕುರಿತು 1936ರಲ್ಲಿ ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ಲೇಖನದಿಂದ ಪ್ರಾರಂಭಿಸಿ ಕೀರ್ತಿ ಪಡೆದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು 1945ರಲ್ಲಿ ಸೇರಿದ್ದು ಫ್ರೆಂಚು ನುಡಿಯ ಮಾಂಟ್ರಿಯಲ್ ವಿಶ್ವವಿದ್ಯಾಲಯವನ್ನು. ಕಲಿಸುವ ನುಡಿ ಒಂದು, ಲೋಕಕ್ಕೆ ಅರಿಕೆಮಾಡುವ ನುಡಿ ಇನ್ನೊಂದು ಇರಬಹುದು. ಕಲಿಕೆಯ ನುಡಿ, ಹಾಸಿಗೆಯ ಬದಿಯ ನುಡಿ, ಸಂಶೋಧನೆಯ ನುಡಿ ಎಂಬ ಮೂರನ್ನು ಕಲಸಿ ಒಂದು ಮಾಡಿ ಹೆದರಿಸುವದೇ ನಮ್ಮ ಪ್ರತಿವಾದಿಗಳ ತಂತ್ರ.

ಕ್ವಿಬೆಕ್ ಸಿರಿವಂತ ಪ್ರಾಂತ, ಅದರ ಹೋಲಿಕೆ ನಮಗೆ ಸಲ್ಲದೆನ್ನುವರು. ಒಪ್ಪೋಣ. ಆದರೆ ಜನಸಂಖ್ಯೆಯನ್ನೂ ನೋಡೋಣ. 2021ರ ಗಣತಿಯಲ್ಲಿ ಆ ಪ್ರಾಂತದ ಜನರೆಲ್ಲ ಸೇರಿ ಸುಮಾರು 85 ಲಕ್ಷ. 2011ರ ಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಕ್ವಿಬೆಕ್ಕಿನ ನೆರೆಯ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಫ್ರೆಂಚರು ಮೂರರಲ್ಲೊಂದು ಪಾಲೂ ಇಲ್ಲ. ಅವರಿಗೋಸ್ಕರ 2006ರಲ್ಲಿ ಶೆರ್ಬ್ರೂಕ್ ವಿಶ್ವವಿದ್ಯಾಲಯವು ಅಲ್ಲಿಯ ಮಾಂಕ್ಟನ್ ನಗರದಲ್ಲಿ ಫ್ರೆಂಚಿನಲ್ಲಿಯೇ ವೈದ್ಯರನ್ನು ತಯಾರಿಸುವ ಕೇಂದ್ರವನ್ನು ತೆರೆಯಿತು. ಅಷ್ಟು ಸಣ್ಣ ಸಮುದಾಯವು ಮಾಡಿದುದನ್ನು ನಾಲ್ಕು ಕೋಟಿ ಜನರು ಮಾಡಲಾರೆವೆಂದರೆ ಆ ಕೊರತೆ ಹಣದ್ದೋ ಮನಸ್ಸಿನದೋ?

ಎರಡನೆಯ ವಾದ ಪರಿಭಾಷೆಯದು. ಕನ್ನಡದಲ್ಲಿ ಶಬ್ದಗಳೆಲ್ಲಿವೆ ಎನ್ನುವರು. ಸ್ಟೆತಾಸ್ಕೋಪು ಯಾರ ಶಬ್ದ? 1816ರಲ್ಲಿ ಆ ಉಪಕರಣವನ್ನು ಕಂಡುಹಿಡಿದ ಲೆನೆಕ್ ಫ್ರೆಂಚನು. ಅದಕ್ಕೆ ಹೆಸರಿಟ್ಟದ್ದು ಗ್ರೀಕಿನ ಧಾತುಗಳಿಂದ. ಇಂಗ್ಲಿಷರು ಫ್ರೆಂಚರಿಂದ ತಂದುಕೊಂಡರು, ನಾವು ಇಂಗ್ಲಿಷರಿಂದ. ಸಾಲವನ್ನು ತಂದ ಇಂಗ್ಲಿಷು ಬಡವಾಗಲಿಲ್ಲ, ಕನ್ನಡವೇಕೆ ಬಡವಾಗಬೇಕು? ಮೂರ್ಛೆ, ಕ್ಷಯ, ಕಾಮಾಲೆ, ಅರ್ಧಾಂಗವಾಯು ಮೊದಲಾದ ಹೆಸರುಗಳು ಮೊದಲೇ ಇವೆ. ಇಲ್ಲದುದನ್ನು ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳೋಣ. ಬರೆಯುವವರಿಲ್ಲವೆಂಬುದೂ ಸುಳ್ಳು. ಡಾಕ್ಟರ್ ಎಂ. ಶಿವರಾಂ ಅವರು ಮನೋರೋಗಗಳನ್ನು ಕುರಿತು ಕನ್ನಡದಲ್ಲಿ ಬರೆದ ‘ಮನಮಂಥನ’ವು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಡಾಕ್ಟರ್ ಅನುಪಮಾ ನಿರಂಜನ, ಡಾಕ್ಟರ್ ಡಿ. ಎಸ್. ಶಿವಪ್ಪ, ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಇವರ ಬರೆಹಗಳನ್ನು ಓದಿದವರು ಕನ್ನಡಕ್ಕೆ ವೈದ್ಯವಿಷಯವನ್ನು ಹೇಳುವ ಶಕ್ತಿಯಿಲ್ಲವೆನ್ನಲಾರರು.

ಭರತಖಂಡದಲ್ಲಿಯೂ ಈ ಪ್ರಯೋಗ ಹೊಸದಲ್ಲ. ಕಲಕತ್ತೆಯಲ್ಲಿ 1822ರಲ್ಲಿ ದೇಶಭಾಷೆಯಲ್ಲಿ ಪಾಶ್ಚಾತ್ಯ ವೈದ್ಯವನ್ನು ಕಲಿಸುವ ಶಾಲೆಯೊಂದು ಹುಟ್ಟಿತು; 1835ರಲ್ಲಿ ಅದನ್ನು ಮುಚ್ಚಿ ಇಂಗ್ಲಿಷಿನ ಕಾಲೇಜನ್ನು ತೆರೆದರು. ಆಮೇಲೆ 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿ, ಭಾಷಾಂತರಕ್ಕಾಗಿಯೇ ಒಂದು ಶಾಖೆಯನ್ನಿಟ್ಟು, ವೈದ್ಯವನ್ನೂ ಉರ್ದುವಿನಲ್ಲಿ ಕಲಿಸಿತು. ಕಾರ್ಯ ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. ಆದರೆ ತುಂಗಭದ್ರೆಯ ಆಚೆಯ ದಡದ ಗಂಗಾವತಿ, ಕೊಪ್ಪಳಗಳು ಅಂದು ನಿಜಾಮರ ಸೀಮೆಗೆ ಸೇರಿದ್ದವು. ಅಲ್ಲಿಯ ಬಹುಜನರ ನುಡಿ ಕನ್ನಡ. ಇಂಗ್ಲಿಷು ಹೋಗಿ ಉರ್ದು ಬಂದುದರಿಂದ ಅವರಿಗಾದ ಲಾಭವೇನು? ಮಧ್ಯಪ್ರದೇಶದಲ್ಲಿ 2022ರ ಅಕ್ಟೋಬರಿನಲ್ಲಿ ಹಿಂದಿಯ ವೈದ್ಯಪಠ್ಯಗಳನ್ನು ಹೊರತಂದರು. ಅಲ್ಲಿಯ ಜನಕ್ಕೆ ಅದು ಉಚಿತ. ನಮಗೆ ಅದು ದಾರಿಯನ್ನು ತೋರಿಸಬಹುದು, ನುಡಿಯನ್ನು ಕೊಡಲಾರದು. ದೇಶದ ನುಡಿ ಎಂದರೆ ಸಾಲದು, ರೋಗಿಯ ನುಡಿಯಾಗಿರಬೇಕು.

ಏಕೆಂದರೆ ರೋಗನಿದಾನದ ಮೊದಲನೆಯ ಸಾಧನ ಯಂತ್ರವಲ್ಲ, ಮಾತು. ಎದೆ ಹಿಂಡಿದಂತಾಗುತ್ತದೆ ಎಂದರೆ ಬುದ್ಧಿವಂತ ವೈದ್ಯನು ಹೃದಯವನ್ನು ಶಂಕಿಸುವನು. ಉಸಿರೆಳೆದಾಗ ಚುಚ್ಚುತ್ತದೆ ಎಂದರೆ ಶ್ವಾಸಕೋಶದ ಪೊರೆಯನ್ನು ನೆನೆಯುವನು. ಅಂಗಾಲು ಉರಿ, ಜೋಮು ಎಂದರೆ ಸಕ್ಕರೆಯ ಕಾಯಿಲೆಯನ್ನು ಪರೀಕ್ಷಿಸುವನು. ಹಿಂಡು, ಚುಚ್ಚು, ಉರಿ, ಸೆಳೆತ, ಸಂಕಟ ಇವೆಲ್ಲವನ್ನೂ ‘ನೋವು’ ಎಂಬ ಒಂದೇ ಮಾತಿನಲ್ಲಿ ಬರೆದುಕೊಂಡರೆ ಅರ್ಧ ಸತ್ಯವು ಅಲ್ಲಿಯೇ ಕಳೆದುಹೋಯಿತು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಗಟ್ಟಿಗೊಳಿಸುವದಲ್ಲದೆ ಕ್ಷಯಕ್ಕೂ ಬಾಗಿಲು ತೆರೆಯುವದು. ಇದು ವೈದ್ಯರಿಗೆ ಗೊತ್ತು. ಧೂಳಿನಲ್ಲಿ ದುಡಿಯುವವನಿಗೆ ಅವನ ನುಡಿಯಲ್ಲಿ ಹೇಳದಿದ್ದರೆ ಆ ಅರಿವಿನಿಂದ ಯಾರ ಪ್ರಾಣ ಉಳಿದೀತು? ತನಗೆ ತಿಳಿಯದ ಕಾಗದಕ್ಕೆ ಹೆಬ್ಬೆಟ್ಟನ್ನೊತ್ತಿ ಶಸ್ತ್ರಚಿಕಿತ್ಸೆಗೆ ಒಪ್ಪುವವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಇಂಗ್ಲಿಷನ್ನು ಹೊರಗಟ್ಟಿರೆಂದು ನಾವು ಹೇಳುವದಿಲ್ಲ. ಪರಪ್ರಾಂತದ ವಿದ್ಯಾರ್ಥಿಗಳು ಬರಲಿ, ನಮ್ಮವರು ಪರದೇಶಗಳಿಗೆ ಹೋಗಲಿ. ನಾವು ಬೇಡುವದು ನಾಲ್ಕೇ. ಒಂದು: 2019ರ ಹೊಸ ಪಠ್ಯಕ್ರಮದಲ್ಲಿ ಪ್ರಾರಂಭದ ವ್ಯಾಸಂಗದಲ್ಲಿ ಸ್ಥಳೀಯ ನುಡಿಯ ಕಲಿಕೆಯನ್ನು ಸೇರಿಸಿರುವರು, ಅದು ಹೆಸರಿಗಾಗದೆ, ಕೊನೆಯ ಪರೀಕ್ಷೆಯವರೆಗೆ ಸಾಗಲಿ, ರೋಗಿಯ ವೃತ್ತಾಂತವನ್ನು ಕನ್ನಡದಲ್ಲಿ ಕೇಳಿ ಕನ್ನಡದಲ್ಲಿ ತಿಳಿಸುವದಕ್ಕೆ ಅಂಕಗಳಿರಲಿ. ಎರಡು: ಒಪ್ಪಿಗೆಯ ಪತ್ರ, ಮನೆಗೆ ಕಳುಹಿಸುವಾಗಿನ ಚೀಟಿ ಕನ್ನಡದಲ್ಲಿರಲಿ. ಮೂರು: ಹಂಪಿಯ ಪ್ರಸಾರಾಂಗವೂ ಬಳ್ಳಾರಿಯ ಅಧ್ಯಾಪಕರೂ ಕೂಡಿ, ಜನಾರೋಗ್ಯಶಾಸ್ತ್ರದಿಂದ ತೊಡಗಿ ವರ್ಷಕ್ಕೊಂದು ವಿಷಯದಂತೆ ಪಠ್ಯಗಳನ್ನು ರಚಿಸಲಿ, ಓದಬಯಸುವವನು ಕನ್ನಡದಲ್ಲಿ ಓದಿ ಕನ್ನಡದಲ್ಲಿ ಉತ್ತರಿಸಲಿ. ನಾಲ್ಕು: ನಮ್ಮ ನೆತ್ತರು, ನೀರು, ಧೂಳುಗಳನ್ನು ಪರೀಕ್ಷಿಸಿ ಬರೆದ ಪ್ರತಿಯೊಂದು ಪ್ರಬಂಧದ ಸಾರಾಂಶವನ್ನು ಕನ್ನಡದಲ್ಲಿ ಅಚ್ಚಿಸಿ ಆಯಾ ಊರಿನ ಪಂಚಾಯತಿಗೋ ಪುರಸಭೆಗೋ ಕಳುಹಿಸಲಿ.

ಸಾಹಿತ್ಯಸಂಘಕ್ಕೆ ವೈದ್ಯದ ಗೊಡವೆ ಏಕೆಂದು ಯಾರಾದರೂ ಕೇಳಿಯಾರು. ನುಡಿಯು ಕಾವ್ಯಕ್ಕೆ ಮಾತ್ರ ಸಲ್ಲುವ ಆಭರಣವೆಂದು ನಂಬಿದವರ ಪ್ರಶ್ನೆಯದು. ಸಾವು ಬದುಕಿನ ಹೊತ್ತಿನಲ್ಲಿ ಕೈಬಿಡುವ ನುಡಿಯನ್ನು ಜನರು ಎಷ್ಟು ದಿನ ಪೂಜಿಸಿಯಾರು? ನಮ್ಮ ಸಂಘವು ತನ್ನ ಮುಂದಿನ ಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ನಿರ್ಣಯರೂಪವಾಗಿ ಅಂಗೀಕರಿಸಿ ಎರಡೂ ವಿದ್ಯಾಪೀಠಗಳಿಗೆ ಕಳುಹಿಸಬೇಕೆಂದು ನಮ್ಮ ಬಿನ್ನಹ.