ರುಜು ಹಾಕುವ ಮುನ್ನ

ಕಳೆದ ಮಳೆಗಾಲದ ಒಂದು ಸಂಜೆ ಹುಡುಗಿಯೊಬ್ಬಳು ದಪ್ಪ ಪುಸ್ತಕವೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕೊಡೆಯನ್ನು ಮೂಲೆಗಿಟ್ಟು, ನಮ್ಮ ಮನೆಯ ಜಗಲಿ ಹತ್ತಿದಳು. ಹೊನ್ನಾವರದ ಶಾಲೆಯಲ್ಲಿ ನಾನು ಪಾಠ ಹೇಳಿದ ಕೊನೆಯ ತಂಡದ ವಿದ್ಯಾರ್ಥಿನಿ ಅವಳು. ಈಗ ಮುಕ್ತ ವಿಶ್ವವಿದ್ಯಾಲಯವೊಂದರ ಮೂಲಕ ಪ್ಯಾರಾಲೀಗಲ್ ಶಿಕ್ಷಣ ಪಡೆಯುತ್ತಿದ್ದಾಳೆ. ವಕೀಲರಲ್ಲದಿದ್ದರೂ ಕಾನೂನಿನ ಪ್ರಾಥಮಿಕ ತಿಳಿವಳಿಕೆ ಪಡೆದು, ಬಡವರಿಗೂ ನ್ಯಾಯಾಲಯಕ್ಕೂ ನಡುವೆ ಸಂಕದಂತೆ ನಿಲ್ಲುವವರನ್ನು ಈ ಹೆಸರಿನಿಂದ ಕರೆಯುತ್ತಾರೆ.

“ಮಾಸ್ತರೆ, ಕನ್ಸಿಡರೇಶನ್ ಎಂದರೆ ಪರಿಗಣನೆ ಅಲ್ಲವೆ? ‘ಪರಿಗಣನೆ ಇಲ್ಲದ ಒಪ್ಪಂದ ಶೂನ್ಯ’ ಎಂದು ಬರೆದುಕೊಂಡೆ. ಬರೆದದ್ದು ನನಗೇ ಅರ್ಥವಾಗಲಿಲ್ಲ” ಎಂದಳು.

ನಾನು ನಕ್ಕೆನಾದರೂ ಉತ್ತರ ಕೂಡಲೆ ಹೊಳೆಯಲಿಲ್ಲ. ಪುಸ್ತಕವನ್ನು ತೆಗೆದುಕೊಂಡು ಹಿಂದೆ ಮುಂದೆ ಓದಿದ ಮೇಲೆ, “ತಂಗಿ, ಇದು ಪರಿಗಣನೆಯಲ್ಲ, ಪ್ರತಿಫಲ. ನೀನು ಕೊಡುವುದಕ್ಕೆ ಎದುರಾಗಿ ನಿನಗೆ ಬರತಕ್ಕದ್ದು” ಎಂದೆ. ಅವಳ ಮುಖ ಅರಳಿತು. “ಹಾಗಾದರೆ ಹರಿಶ್ಚಂದ್ರ ರಾಜ್ಯ ಕೊಡುತ್ತೇನೆಂದ ಮಾತಿಗೆ ಪ್ರತಿಫಲವಿರಲಿಲ್ಲ! ವಿಶ್ವಾಮಿತ್ರ ದಾವೆ ಹೂಡಿದ್ದರೆ ಸೋಲುತ್ತಿದ್ದ!” ಎಂದಳು. ಒಂದು ಶಬ್ದಕ್ಕೆ ಸರಿಯಾದ ಕನ್ನಡ ದೊರೆತೊಡನೆ ಒಂದು ಕಲಮು ಹೇಗೆ ಬೆಳಗಿತೆಂಬುದನ್ನು ಅಂದು ಕಣ್ಣಾರೆ ಕಂಡೆ. ಆ ಸಂಜೆಯಿಂದ ನನ್ನಲ್ಲಿ ಬೆಳೆದ ಕೆಲವು ವಿಚಾರಗಳನ್ನು ಇಲ್ಲಿ ಹೇಳಬಯಸುತ್ತೇನೆ.

ನಮ್ಮ ದೇಶದ ಕರಾರು ಕಾಯಿದೆ 1872ರದು. ಅದೇ ವರ್ಷದ ಸೆಪ್ಟೆಂಬರ್ 1ರಂದು ಜಾರಿಗೆ ಬಂದು, ಇಂದಿಗೂ ನಮ್ಮ ವ್ಯವಹಾರಗಳನ್ನೆಲ್ಲ ಆಳುತ್ತಿದೆ. ಹಾಗೆಂದು ಕರಾರು ಎಂಬುದು ಆಂಗ್ಲರಿಂದ ನಮ್ಮ ಕರಾವಳಿಗೆ ಬಂದುದೆಂದು ಯಾರೂ ಭಾವಿಸಬೇಕಾಗಿಲ್ಲ. 1547ರಲ್ಲಿ ವಿಜಯನಗರದ ಅರಸರೂ ಪೋರ್ಚುಗೀಸರೂ ಮಾಡಿಕೊಂಡ ಒಪ್ಪಂದದಲ್ಲಿ ಕುದುರೆಗಳ ಮಾರಾಟದ ಮಾತಿದೆ; ಹೊನ್ನಾವರ ಹಾಗೂ ಅಂಕೋಲೆಯ ಬಂದರುಗಳ ಹೆಸರೂ ಇದೆ. ಇನ್ನು ಕುಮಟೆಯ ಕಥೆ ಮತ್ತೂ ಸ್ವಾರಸ್ಯಕರವಾದುದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ, ಧಾರವಾಡ ಸೀಮೆಯ ಹತ್ತಿ ಎತ್ತುಗಳ ಮೇಲೆ, ಗಾಡಿಗಳ ಮೇಲೆ ಘಟ್ಟವಿಳಿದು ಕುಮಟೆಗೆ ಬಂದು ಹಡಗೇರುತ್ತಿತ್ತು. ಬೆಳೆದ ಊರಿನ ಹೆಸರು ಮರೆತು ‘ಕುಮಟಾ ಹತ್ತಿ’ ಎಂಬ ಹೆಸರೇ ಪೇಟೆಯಲ್ಲಿ ನಿಂತಿತು. ಬೆಲೆ ಏರಿದಂತೆ ಹತ್ತಿಯೊಳಗೆ ಬೀಜ, ಕಸ, ಮಣ್ಣು ಬೆರೆಸುವ ಚಾಳಿಯೂ ಏರಿತು. ಅದನ್ನು ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಒಂದು ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ನಮ್ಮ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿಗೆ ಸೇರಿದ್ದು ಅದರ ಹಿಂದಿನ ವರ್ಷವೇ. ‘ವಂಚನೆ’ ಎಂಬ ಕಲಮನ್ನು ಓದುವ ಕುಮಟೆಯ ವಿದ್ಯಾರ್ಥಿಯು ಲಂಡನ್ನಿನ ಉದಾಹರಣೆಗಾಗಿ ಹುಡುಕಾಡಬೇಕಾದ ಅಗತ್ಯವಿಲ್ಲ.

ಕಾಯಿದೆಯ ಮೂಲತತ್ತ್ವ ಬಹು ಸರಳ. ಒಬ್ಬನು ಪ್ರಸ್ತಾವ ಮುಂದಿಡುತ್ತಾನೆ, ಇನ್ನೊಬ್ಬನು ಅಂಗೀಕರಿಸುತ್ತಾನೆ. ಇಬ್ಬರೂ ಪ್ರಾಪ್ತವಯಸ್ಕರೂ ಸ್ವಸ್ಥಚಿತ್ತರೂ ಆಗಿರಬೇಕು, ಸಮ್ಮತಿ ಸ್ವತಂತ್ರವಾಗಿರಬೇಕು, ಪ್ರತಿಫಲವೂ ಉದ್ದೇಶವೂ ನ್ಯಾಯಸಮ್ಮತವಾಗಿರಬೇಕು. ಹದಿನೆಂಟು ತುಂಬದ ಹುಡುಗನಿಂದ ಬರೆಸಿಕೊಂಡ ಕಾಗದಕ್ಕೆ ಬೆಲೆಯೇ ಇಲ್ಲವೆಂಬುದನ್ನು 1903ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲು ತೀರ್ಮಾನಿಸಿದೆ. ಕಾಯಿದೆಯೊಳಗೆ ಅಲ್ಲಲ್ಲಿ ಕೊಟ್ಟಿರುವ ನಿದರ್ಶನಗಳಂತೂ ಪುಟ್ಟ ಕಥೆಗಳಂತಿವೆ. ಒಬ್ಬನು ನೂರು ಟನ್ ಎಣ್ಣೆ ಮಾರುತ್ತೇನೆಂದು ಒಪ್ಪಿದನಂತೆ. ಯಾವ ಎಣ್ಣೆ? ಹೇಳಿಲ್ಲ. ಆದ್ದರಿಂದ ಆ ಒಪ್ಪಂದ ಶೂನ್ಯ. ಆದರೆ ಮಾರುವವನು ತೆಂಗಿನೆಣ್ಣೆಯೊಂದನ್ನೇ ಮಾರುವ ವ್ಯಾಪಾರಿಯಾಗಿದ್ದರೆ? ಆಗ ‘ಎಣ್ಣೆ’ ಎಂದರೆ ತೆಂಗಿನೆಣ್ಣೆಯೇ, ಕರಾರು ನಿಲ್ಲುತ್ತದೆ. ಇದನ್ನೋದಿದಾಗ ಕಾಯಿದೆ ಬರೆದವರು ನಮ್ಮ ಕಡೆಯ ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತು ಬರೆದರೇನೋ ಎಂದೆನಿಸಿತು.

ಸ್ವತಂತ್ರ ಸಮ್ಮತಿಯನ್ನು ವಿವರಿಸಲು ನಾನು ಪುಣ್ಯಕೋಟಿಯನ್ನು ಕರೆತಂದೆ. ಹುಲಿಯು ಅಡ್ಡಗಟ್ಟಿ ನಿಂತಾಗ ಆ ಹಸು ಕೊಟ್ಟ ಮಾತು ಸ್ವತಂತ್ರವಾಗಿ ಕೊಟ್ಟುದೆ? ಪ್ರಾಣಭಯ ಒಡ್ಡಿ ಪಡೆದ ಸಮ್ಮತಿಯಿಂದಾದ ಕರಾರನ್ನು ಭಯಕ್ಕೊಳಗಾದವರು ಇಚ್ಛಿಸಿದರೆ ರದ್ದುಪಡಿಸಬಹುದೆಂದು ಕಾಯಿದೆ ಹೇಳುತ್ತದೆ. ಇಲ್ಲಿ ‘ಇಚ್ಛಿಸಿದರೆ’ ಎಂಬ ಮಾತನ್ನು ಗಮನಿಸಬೇಕು. ಪುಣ್ಯಕೋಟಿ ಇಚ್ಛಿಸಲಿಲ್ಲ, ಹಿಂದಿರುಗಿ ಹೋಯಿತು. ಅದು ಧರ್ಮದ ಮಾತು. ಆದರೆ ಹುಲಿಗೆ ಅದನ್ನು ಎಳೆದೊಯ್ಯುವ ಹಕ್ಕಿರಲಿಲ್ಲ ಎಂಬುದು ಕಾನೂನಿನ ಮಾತು. ಇವೆರಡನ್ನೂ ಬೇರೆ ಬೇರೆಯಾಗಿ ಕಾಣಲು ಕಲಿಸದಿದ್ದರೆ, ಪುಣ್ಯಕೋಟಿಯ ಪದ್ಯವನ್ನು ಕಂಠಪಾಠ ಮಾಡಿದ ಮಕ್ಕಳು ದೊಡ್ಡವರಾಗಿ ಹುಲಿಗಳ ಮುಂದೆ ತಾವಾಗಿಯೇ ಹೋಗಿ ನಿಲ್ಲುತ್ತಾರೆ. ಮೂವತ್ತು ವರ್ಷ ಆ ಪದ್ಯವನ್ನು ಪಾಠ ಹೇಳಿದ ನನಗೆ ಇದನ್ನು ಹೇಳುವ ಅಧಿಕಾರವಿದೆಯೆಂದು ತಿಳಿದಿದ್ದೇನೆ.

ಹಳ್ಳಿಗಳಲ್ಲಿ ಇನ್ನೂ ಒಂದು ತಪ್ಪು ತಿಳಿವಳಿಕೆಯುಂಟು. ಛಾಪಾ ಕಾಗದವಿದ್ದರೆ ಮಾತ್ರ ಕರಾರು, ಬಾಯಿಮಾತು ಕರಾರಲ್ಲ ಎಂಬುದು ಅದು. ಜಮೀನಿನ ಮಾರಾಟದಂಥ ಕೆಲವು ವ್ಯವಹಾರಗಳಿಗೆ ಬರಹ, ನೋಂದಣಿ ಬೇಕೇ ಬೇಕು. ಉಳಿದಂತೆ ಬಾಯಿಮಾತಿನ ಕರಾರೂ ಕರಾರೇ. ಕಷ್ಟವಿರುವುದು ಅದನ್ನು ರುಜುವಾತುಪಡಿಸುವುದರಲ್ಲಿ. ನನ್ನ ತಂದೆ ಚಾಲಗೇಣಿಯ ರೈತರು. ವರ್ಷಕ್ಕಿಷ್ಟು ಭತ್ತವೆಂಬುದು ಒಡೆಯರಿಗೂ ಅವರಿಗೂ ನಡುವೆ ನಡೆದುಬಂದ ಮಾತು. ಗೇಣಿ ಅಳೆದುಕೊಟ್ಟದ್ದಕ್ಕೆ ಒಂದು ಚೀಟಿಯನ್ನೂ ಅವರು ಕೇಳಿದವರಲ್ಲ. 1974ರ ಮಾರ್ಚ್ 1ರಂದು ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂದು, ಉಳುವವರೆಲ್ಲ ಭೂನ್ಯಾಯಮಂಡಲಿಗೆ ಅರ್ಜಿ ಕೊಡಬೇಕಾದಾಗ ನಾನಿನ್ನೂ ಶಾಲೆಯ ಹುಡುಗ. ‘ಗೇಣಿ ಕೊಟ್ಟದ್ದಕ್ಕೆ ದಾಖಲೆ ಏನಿದೆ?’ ಎಂಬ ಪ್ರಶ್ನೆಗೆ ತಂದೆ ತಮ್ಮ ಎರಡು ಕೈಗಳನ್ನು ಮುಂದೆ ಚಾಚಿದ್ದನ್ನು ನಾನು ಮರೆತಿಲ್ಲ. ಪಹಣಿಯಲ್ಲಿ ಅವರ ಹೆಸರಿತ್ತು, ನೆರೆಯವರು ಸಾಕ್ಷಿ ನುಡಿದರು, ಜಮೀನು ಉಳಿಯಿತು. ಪಹಣಿಯಲ್ಲಿ ಹೆಸರಿಲ್ಲದ ನಮ್ಮ ಪಕ್ಕದ ಮನೆಯವರಿಗೆ ಉಳಿಯಲಿಲ್ಲ. ದಿನಕರ ದೇಸಾಯಿಯವರಂಥವರು ಈ ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿ ಗಡಿಪಾರಿಗೂ ಒಳಗಾದರು. ಹೋರಾಟದಿಂದ ಕಾಯಿದೆ ಬಂದರೂ ಆ ಮನೆಯವರ ಕೈಯಲ್ಲಿ ಒಂದು ಚೀಟಿಯಿರಲಿಲ್ಲ.

‘ನಂಬಿಕೆಯಿರುವಲ್ಲಿ ಕಾಗದವೇಕೆ?’ ಎಂದು ಕೇಳುವವರಿದ್ದಾರೆ. ರಂಪಣಿ ಬಲೆಯ ಕಾಲದಲ್ಲಿ ನೂರಾರು ಕೈಗಳು ಬಲೆಯನ್ನು ದಂಡೆಗೆಳೆದು, ಬಲೆಗಿಷ್ಟು, ದೋಣಿಗಿಷ್ಟು, ಆಳಿಗಿಷ್ಟು ಎಂದು ಮೀನು ಹಂಚಿಕೊಳ್ಳುತ್ತಿದ್ದವು. ಯಾವ ಕಾಗದವೂ ಇರಲಿಲ್ಲ. ನಿಜ. ಆದರೆ ಅಲ್ಲಿ ಹಂಚಿಕೆಯು ಎಲ್ಲರ ಕಣ್ಣೆದುರಿಗೆ, ಬಯಲಿನಲ್ಲಿ ನಡೆಯುತ್ತಿತ್ತು. ಈಗ ಹಾಗಿಲ್ಲ. ಭಟ್ಕಳದ ತರುಣನು ಕೊಲ್ಲಿಯ ದೇಶದ ಕೆಲಸಕ್ಕೆಂದು ತನಗೆ ತಿಳಿಯದ ಭಾಷೆಯ ಹಾಳೆಗೆ ರುಜು ಹಾಕುತ್ತಾನೆ. ಕಾಲೇಜು ಹುಡುಗನು ಫೋನಿನಲ್ಲಿ ಸಾಲ ಪಡೆಯಲು, ನಲವತ್ತು ಪುಟಗಳ ಷರತ್ತುಗಳನ್ನು ಓದದೆ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನೊತ್ತುತ್ತಾನೆ. ಎದುರಿಗೆ ಮನುಷ್ಯನೇ ಇಲ್ಲದಿರುವಾಗ ನಂಬುವುದು ಯಾರನ್ನು?

ಪರರ ಮಾತೇಕೆ? ನನ್ನದನ್ನೇ ಹೇಳುತ್ತೇನೆ. ನೌಕರಿಯ ನಡುಗಾಲದಲ್ಲಿ ಸಹೋದ್ಯೋಗಿಯೊಬ್ಬರು ಮನೆ ಕಟ್ಟಲು ಸಹಕಾರ ಸಂಘವೊಂದರಿಂದ ಸಾಲ ಪಡೆದರು. ಜಾಮೀನಿಗೆ ನಾನು ರುಜು ಹಾಕಿದೆ. ಕಾಗದ ಕನ್ನಡದಲ್ಲಿಯೇ ಇತ್ತು. ನಾನೋ ಕನ್ನಡದ ಎಂ.ಎ.; ಹಳಗನ್ನಡದ ಕಗ್ಗಂಟುಗಳನ್ನು ಬಿಡಿಸಿ ಹೇಳುವವನೆಂಬ ಹೆಮ್ಮೆ ಬೇರೆ. ಆದರೂ ಆ ಎರಡು ಪುಟಗಳನ್ನು ನಾನು ಓದಲಿಲ್ಲ. ಸ್ನೇಹಿತರು ಎದುರಿಗೆ ಕುಳಿತಿದ್ದರು, ಚಹ ಬಂದಿತ್ತು, ಕನ್ನಡಕ ತೆಗೆದು ಸಾಲು ಸಾಲು ಓದತೊಡಗಿದರೆ ‘ನನ್ನ ಮೇಲೆ ನಂಬಿಕೆಯಿಲ್ಲವೆ?’ ಎಂದು ಅವರು ನೊಂದುಕೊಂಡಾರೆಂದು ಸಂಕೋಚಪಟ್ಟೆ. ಜಾಮೀನುದಾರನೆಂದರೆ ಒಳ್ಳೆಯ ನಡತೆಗೆ ಸಾಕ್ಷಿ ಹೇಳುವವನೆಂದಷ್ಟೆ ನಾನು ತಿಳಿದಿದ್ದೆ. ಮರುಪಾವತಿ ನಿಂತಿತು. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ ಎಂಬ 128ನೆಯ ಕಲಮಿನ ಅರ್ಥ ನನಗೆ ಗೊತ್ತಾದುದು ಸಂಬಳದ ಚೀಟಿಯಿಂದ. ಇಪ್ಪತ್ತಾರು ತಿಂಗಳು ಹಣ ಮುರಿದುಹೋಯಿತು. ಆ ವರ್ಷ ಮಗಳನ್ನು ಧಾರವಾಡದಲ್ಲಿ ಓದಿಸಬೇಕೆಂದಿದ್ದುದು ಆಗಲಿಲ್ಲ. ಅವಳು ಅದನ್ನು ಒಮ್ಮೆಯೂ ಎತ್ತಿ ಆಡಿಲ್ಲ.

ನಿಜವಾದ ನೋವು ಇದಲ್ಲ. ಆ ಸಂಜೆ ಹುಡುಗಿಯ ಪುಸ್ತಕದ ಹಾಳೆಗಳನ್ನು ತಿರುವುತ್ತಿದ್ದಾಗ 145ನೆಯ ಕಲಮು ಕಣ್ಣಿಗೆ ಬಿತ್ತು. ಜಾಮೀನುದಾರನು ನ್ಯಾಯವಾಗಿ ತೆತ್ತ ಹಣವನ್ನು ಸಾಲಗಾರನಿಂದ ವಸೂಲು ಮಾಡಿಕೊಳ್ಳಬಹುದು ಎಂದು ಅದು ಹೇಳುತ್ತದೆ. ಹಾಗೆ ತುಂಬಿಕೊಡುವೆನೆಂಬ ವಾಗ್ದಾನ ಬರೆಯದಿದ್ದರೂ ಪ್ರತಿಯೊಂದು ಜಾಮೀನಿನೊಳಗೂ ಅಡಗಿದೆಯಂತೆ. ದಾವೆ ಹೂಡುವ ಅವಧಿ ಎಂದೋ ಕಳೆದುಹೋಗಿತ್ತು. ಆ ಸ್ನೇಹಿತರೂ ಈಗಿಲ್ಲ. ಯಾರೂ ನನಗೆ ಅದನ್ನು ಹೇಳಿರಲಿಲ್ಲ; ನಾನೂ ಯಾರನ್ನೂ ಕೇಳಿರಲಿಲ್ಲ.

ಆದ್ದರಿಂದ ಪ್ಯಾರಾಲೀಗಲ್ ವಿದ್ಯಾರ್ಥಿಗಳಿಗೆ ಕಲಮುಗಳ ಸಂಖ್ಯೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಮೊದಲು, ಕಾಗದವನ್ನು ಗಟ್ಟಿಯಾಗಿ ಓದಿ ಹೇಳುವುದನ್ನು ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿಕೊಳ್ಳುವುದೇ ಸಮ್ಮತಿಯೆಂದು 13ನೆಯ ಕಲಮು ಹೇಳುತ್ತದೆ. ಓದದೆ ಒಪ್ಪಿದವರು ಯಾವ ಅರ್ಥದಲ್ಲಿ ಒಪ್ಪಿದಂತಾಯಿತು? ಆದರೂ ‘ಓದದೆ ರುಜು ಹಾಕಿದೆ’ ಎಂಬ ನೆಪವನ್ನು ನ್ಯಾಯಾಲಯ ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮಲ್ಲಿ ಓದುವುದು ಅಪನಂಬಿಕೆಯ ಗುರುತಾಗಿಬಿಟ್ಟಿದೆ. ಓದುವ ಕೆಲಸ ಮೂರನೆಯವರದಾದರೆ ಯಾರಿಗೂ ಸಂಕೋಚವಿರದು. 1987ರ ಕಾನೂನು ಸೇವೆಗಳ ಕಾಯಿದೆಯಿಂದಾಗಿ ತಾಲೂಕು ಮಟ್ಟದಲ್ಲಿಯೂ ಕಾನೂನು ಸೇವೆಗಳ ಸಮಿತಿಗಳಿವೆ. ಬಡವರಿಗೆ, ಸ್ತ್ರೀಯರಿಗೆ ಅಲ್ಲಿ ಉಚಿತ ನೆರವುಂಟು. ಬಹಳ ಮಂದಿ ರುಜು ಹಾಕಿ ಕೆಟ್ಟ ಮೇಲೆ ಅಲ್ಲಿಗೆ ಹೋಗುತ್ತಾರೆ.

ಜುಲೈ ತಿಂಗಳ ಕೊನೆಯಲ್ಲಿ ಆ ಹುಡುಗಿ ನನ್ನನ್ನು ಕಾಸರಕೋಡಿನ ಬಂದರಿಗೆ ಕರೆದೊಯ್ದಳು. ಮಳೆಗಾಲದ ಮೀನುಗಾರಿಕೆಯ ನಿಷೇಧ ಆಗಸ್ಟ್ 1ಕ್ಕೆ ಮುಗಿಯುವುದರಲ್ಲಿತ್ತು. ಬೋಟುಗಳಿಗೆ ಖಲಾಸಿಗಳನ್ನು ಗೊತ್ತುಮಾಡಿ ಮುಂಗಡ ಕೊಡುವ ಗಡಿಬಿಡಿ. ತಂದೆಯ ಜೊತೆ ಬಂದಿದ್ದ ಒಬ್ಬ ಹುಡುಗನ ಮುಂದೆ ಬೋಟಿನ ಯಜಮಾನರು ಕಾಗದ ಚಾಚಿದರು. ಹುಡುಗ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡಾಗಿತ್ತು. “ಒಂದು ಗಳಿಗೆ ನಿಲ್ಲಿ, ಓದುತ್ತೇನೆ” ಎಂದಳು ಇವಳು. ಯಜಮಾನರ ಮುಖ ಕಪ್ಪಿಟ್ಟಿತು. ಅವಳು ಓದತೊಡಗಿದಳು: ಮುಂಗಡ ಪಡೆದವನು ಋತು ಮುಗಿಯುವವರೆಗೆ ಬಿಟ್ಟುಹೋಗಕೂಡದು, ಹೋದರೆ ಹಿಡಿದು ತಂದು ದುಡಿಸಿಕೊಳ್ಳಲು ಯಜಮಾನರಿಗೆ ಹಕ್ಕಿದೆ.

“ಈ ಮಾತು ನಿಲ್ಲುವುದಿಲ್ಲ ಅಣ್ಣ. ಬಿಟ್ಟುಹೋದರೆ ಮುಂಗಡ ಹಿಂದಕ್ಕೆ ಕೇಳಬಹುದು, ಹಿಡಿದು ತಂದು ದುಡಿಸುವ ಹಾಗಿಲ್ಲ. 1976ರಲ್ಲೇ ಜೀತ ರದ್ದಾಗಿದೆ. ಈ ಕಾಗದವೇ ನಿಮಗೆ ಮುಳುವಾದೀತು” ಎಂದಳು. ಅವಳ ದನಿ ಸ್ವಲ್ಪ ನಡುಗುತ್ತಿತ್ತು.

ಯಜಮಾನರು ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಪೇಟೆಯಲ್ಲಿ ಯಾರೋ ಅಚ್ಚು ಹಾಕಿಸಿದ ನಮೂನೆಯಂತೆ ಅದು. ಐದಾರು ವರ್ಷಗಳಿಂದ ಅದನ್ನೇ ಬಳಸುತ್ತಿದ್ದರಂತೆ. ಕೊನೆಗೆ ಅದನ್ನು ಅವಳಿಗೇ ಹಿಂದಕ್ಕೆ ಕೊಟ್ಟು, “ಮೊದಲಿನಿಂದ ಇನ್ನೊಮ್ಮೆ ಓದು ತಂಗಿ. ನಾನೂ ಇದನ್ನು ಓದಿರಲಿಲ್ಲ” ಎಂದರು.